ದೊಡ್ಡ ಬಜೆಟ್ ಇದ್ದೂ ಬೀದಿದೀಪಕ್ಕೆ ದುಡ್ಡಿಲ್ಲ, ಯಾಕೆ?

ಪ್ರಶ್ನೆ: ಸರ್, ತಪ್ಪದೆ ಆಸ್ತಿ ತೆರಿಗೆ ಕಟ್ಟುತ್ತೇವೆ. ಬೀದಿದೀಪ ಕೆಟ್ಟಿದೆ ಅಂತ ದೂರು ಕೊಟ್ಟರೆ ‘ಬಜೆಟ್ ಇಲ್ಲ’ ಅಂತಾರೆ. ಬಜೆಟ್ ತೆರೆದು ನೋಡಿದರೆ ಮೊತ್ತ ದೊಡ್ಡದೇ ಇದೆ. ದುಡ್ಡೆಲ್ಲ ಎಲ್ಲಿ ಹೋಗುತ್ತದೆ?

ಉತ್ತರ (ನಗರಸಭೆಯೊಂದರ ನಿವೃತ್ತ ಲೆಕ್ಕಾಧಿಕಾರಿ): ಒಟ್ಟು ಮೊತ್ತ ನೋಡಿ ಮೋಸ ಹೋಗಬೇಡಿ. ಸಂಬಳ, ಪಿಂಚಣಿ, ಸಾಲದ ಕಂತು, ನೀರಿನ ಪಂಪುಗಳ ಕರೆಂಟ್ ಬಿಲ್, ಇವಕ್ಕೇ ದೊಡ್ಡ ಪಾಲು ಹೋಗುತ್ತದೆ. ಅನುದಾನ ಬಂದರೂ ಚರಂಡಿಗೆ ಅಂತ ಬಂದದ್ದನ್ನು ದೀಪಕ್ಕೆ ಹಾಕುವ ಹಾಗಿಲ್ಲ, ಆಡಿಟ್‌ನವರು ಬಿಡುವುದಿಲ್ಲ. ಉಳಿಯೋದು ಚೂರುಪಾರು. ಕತ್ತರಿ ಬೀಳೋದು ಅದಕ್ಕೇ, ಅಂದರೆ ರಿಪೇರಿಗೆ. ಈ ವರ್ಷ ರಿಪೇರಿ ಬಿಟ್ಟರೆ ಈ ವರ್ಷ ಯಾರಿಗೂ ಗೊತ್ತಾಗುವುದಿಲ್ಲ, ಅಲ್ವಾ?

ರಸ್ತೆಯಲ್ಲಿ ಕೂದಲೆಳೆ ಬಿರುಕು ಇದ್ದಾಗಲೇ ಟಾರು ಸುರಿದು ಮುಚ್ಚಿದರೆ ಅಗ್ಗದಲ್ಲಿ ಮುಗಿಯುತ್ತದೆ. ಬಿಟ್ಟರೆ ಮಳೆನೀರು ಇಳಿದು ಕೆಳಗಿನ ಜಲ್ಲಿ ಪದರ ಸಡಿಲವಾಗುತ್ತದೆ. ಆಮೇಲೆ ರಸ್ತೆಯನ್ನೇ ಅಗೆಯಬೇಕು. ನನ್ನ ಪ್ರಕಾರ ಇದು ಉಳಿತಾಯವೇ ಅಲ್ಲ, ಲೆಕ್ಕದ ಪುಸ್ತಕದಲ್ಲಿ ಕಾಣದ ಸಾಲ.

ಅಮೆರಿಕದ ಡೆಟ್ರಾಯಿಟ್ ನಗರ 2013ರಲ್ಲಿ ದಿವಾಳಿ ಅರ್ಜಿ ಹಾಕಿದಾಗ ಅಲ್ಲಿನ ಸುಮಾರು 40% ಬೀದಿದೀಪ ಉರಿಯುತ್ತಿರಲಿಲ್ಲ. ಆಮೇಲೆ ದೀಪಕ್ಕೆಂದೇ ಇದ್ದ ಪ್ರಾಧಿಕಾರ ಸಾಲ ಎತ್ತಿ, ದೀಪಗಳ ಸಂಖ್ಯೆಯನ್ನೇ ಇಳಿಸಿ, ಸುಮಾರು 65,000 ಎಲ್‌ಇಡಿ ಹಾಕಿತು. ಕೆಲಸ ಮುಗಿದದ್ದು 2016ರ ಕೊನೆಗೆ.

ಇನ್ನೊಬ್ಬರು: ಹಾಗಾದರೆ ತೆರಿಗೆ ಜಾಸ್ತಿ ಮಾಡೋದೊಂದೇ ದಾರಿನಾ ಸರ್? ಇಲ್ಲ ಎಲ್ಲ ಗುತ್ತಿಗೆಗೆ ಕೊಟ್ಟುಬಿಡೋದಾ?

ಉತ್ತರ: ಮೊದಲು ತೂತು ಮುಚ್ಚಬೇಕು. ಕಾಂಬೋಡಿಯಾದ ಫ್ನೋಮ್ ಪೆನ್‌ನಲ್ಲಿ 1993ರಲ್ಲಿ ಪೂರೈಕೆಯಾದ ನೀರಿನಲ್ಲಿ 72% ಸೋರಿಕೆ, ಕಳ್ಳ ಸಂಪರ್ಕಗಳಲ್ಲಿ ಹೋಗಿ ದುಡ್ಡೇ ಬರುತ್ತಿರಲಿಲ್ಲ. ಮೀಟರ್ ಹಾಕಿ, ಪೈಪ್ ಬದಲಿಸಿ, ದೊಡ್ಡವರಿಂದಲೂ ಬಿಲ್ ವಸೂಲಿ ಮಾಡಿ, ಅದನ್ನು ಸುಮಾರು 6%ಕ್ಕೆ ಇಳಿಸಿದರು. ಖಾಸಗಿಗೆ ಕೊಡಲಿಲ್ಲ, ಸರ್ಕಾರಿ ಸಂಸ್ಥೆಯೇ ಮಾಡಿದ್ದು.

ಸೋರಿಕೆ ಹುಡುಕೋದು ಹೇಗೆ ಗೊತ್ತಾ? ಬೆಳಗಿನ ಜಾವ ಎರಡರಿಂದ ನಾಲ್ಕರವರೆಗೆ ಊರೆಲ್ಲ ಮಲಗಿರುತ್ತದೆ. ಆಗಲೂ ಬಡಾವಣೆಯ ಮುಖ್ಯ ಮೀಟರ್ ಜೋರಾಗಿ ತಿರುಗುತ್ತಿದ್ದರೆ ನೀರು ಮಣ್ಣಿಗೆ ಹೋಗುತ್ತಿದೆ ಅಂತ ಲೆಕ್ಕ. ಆಮೇಲೆ ಒಬ್ಬ ಕಬ್ಬಿಣದ ಸಲಾಕೆಯ ಒಂದು ತುದಿ ವಾಲ್ವ್ ಮೇಲೆ, ಇನ್ನೊಂದು ಕಿವಿಗೆ ಇಟ್ಟು ‘ಸುಯ್’ ಅನ್ನೋ ಸದ್ದು ಹುಡುಕುತ್ತಾ ಹೋಗುತ್ತಾನೆ. ಒಳ್ಳೆ ಕಿವಿ ಇರುವವನು ಸಿಕ್ಕರೆ ಪುಣ್ಯ.

ಗುತ್ತಿಗೆ ತಪ್ಪಲ್ಲ. ಆದರೆ ಬಿಲ್ ಪಾಸ್ ಮಾಡುವ ಮುನ್ನ ಕೆಲಸ ನೋಡೋಕೆ ಜನ ಬೇಕು. ಆ ಹುದ್ದೆಗಳನ್ನೇ ಖಾಲಿ ಬಿಟ್ಟು ಗುತ್ತಿಗೆ ಕೊಟ್ಟರೆ ಸುಮ್ನೆ ದುಡ್ಡು ಎಸೆದ ಹಾಗೆ.

ಮೊದಲು ಕೇಳಿದವರು: ನಾವು ಯಾವ ಕಾಗದ ಕೇಳಬೇಕು ಸರ್?

ಉತ್ತರ: ಎರಡು ಸಾಕು. ಆಸ್ತಿ ತೆರಿಗೆಯ ಬೇಡಿಕೆ (ಅಂದರೆ ಬರಬೇಕಾದದ್ದೆಷ್ಟು), ವಸೂಲಿ, ಬಾಕಿ ಪಟ್ಟಿ. ಇನ್ನೊಂದು, ಬೀದಿದೀಪ ನಿರ್ವಹಣೆಗೆ ಕಳೆದ ವರ್ಷ ಇಟ್ಟದ್ದೆಷ್ಟು, ಖರ್ಚಾದದ್ದೆಷ್ಟು ಅನ್ನೋ ಲೆಕ್ಕ. ಸಿಕ್ಕರೆ ಇಲ್ಲೇ ಹಾಕಿ, ನೋಡೋಣ.