ಆರು ಅಪೂರ್ಣ ಅಂದವರು ಯಾರು?

*ಸುಧೀರ್:* [ಫಾರ್ವರ್ಡ್ ಚಿತ್ರ: "ಸೃಷ್ಟಿಯ ಸಂಖ್ಯಾ ರಹಸ್ಯ. 6 ಅಪೂರ್ಣ, 7 ಪರಿಪೂರ್ಣ. ಆದಿ ಸಭಾಪಿತೃಗಳ ಬೋಧನೆ"] ಸಂಡೇ ಸ್ಕೂಲ್ ಗುಂಪಿಗೂ ಹಾಕ್ತೀನಿ.

*ಗ್ರೇಸ್:* ದಯವಿಟ್ಟು ಬೇಡ ಸುಧೀರಣ್ಣ. ಸಭಾಪಿತೃಗಳು ಅಂದ್ರೆ ಮೊದಲ ಶತಮಾನಗಳ ಕ್ರೈಸ್ತ ಗುರುಗಳು; ಅವರಲ್ಲೊಬ್ಬರಾದ ಅಗಸ್ಟೀನ್ ಹೇಳಿದ್ದು ತದ್ವಿರುದ್ಧ. 6ನ್ನ ಶೇಷ ಉಳಿಯದ ಹಾಗೆ ಭಾಗಿಸೋವು, 6ನ್ನೇ ಬಿಟ್ಟು, 1, 2, 3; ಕೂಡಿದ್ರೆ ಮತ್ತೆ 6. ಅಂಥ ಸಂಖ್ಯೆಗೇ ಪರಿಪೂರ್ಣ ಅನ್ನೋದು. 10ಕ್ಕೆ ಮಾಡಿ ನೋಡಿ, 1+2+5=8, ಕಮ್ಮಿ ಬೀಳುತ್ತೆ. 12ಕ್ಕೆ 1+2+3+4+6=16, ಮೀರುತ್ತೆ. ಆರು ದಿನದಲ್ಲಿ ಸೃಷ್ಟಿಯಾಯ್ತು ಅಂತ 6 ಪರಿಪೂರ್ಣ ಆದದ್ದಲ್ಲ, 6 ಪರಿಪೂರ್ಣ ಅಂತಲೇ ಆರು ದಿನ ಅನ್ನೋದು ಅವರ ವಾದ.

*ಸುಧೀರ್:* 7ನ್ನೂ ಪೂರ್ಣ ಅಂತಾರಲ್ಲಮ್ಮ?

*ಗ್ರೇಸ್:* ಅಂತಾರೆ, ಕಾರಣ ಬೇರೆ. ಅಗಸ್ಟೀನ್ ಲೆಕ್ಕದಲ್ಲಿ 3 ಮೊದಲ ಪೂರ್ಣ ಬೆಸ, 4 ಮೊದಲ ಪೂರ್ಣ ಸಮ, ಎರಡೂ ಸೇರಿ 7. ಅದಕ್ಕಾಗಿ 6ನ್ನ ಕೆಳಗಿಳಿಸಿಲ್ಲ.

*ಫಿಲಿಪ್ ಸರ್:* 2ರ ಸಾಲು ನೋಡಿ. "ಎರಡನೇ ದಿನ ಒಳ್ಳೆಯದು ಅನ್ನಲಿಲ್ಲ, 2 ಒಡಕಿನ ಸಂಖ್ಯೆ." ಇದು ಇನ್ನೊಬ್ಬ ಸಭಾಪಿತೃ ಜೆರೋಮ್ ಸುಮಾರು 393ರಲ್ಲಿ, ಮದುವೆಯೂ ಕನ್ಯಾವ್ರತವೂ ಸಮ ಅಂತಿದ್ದ ಜೊವಿನಿಯನ್ ವಿರುದ್ಧ ಬರೆದದ್ದು. ಮದುವೆಗಿಂತ ಕನ್ಯಾವ್ರತ ಮೇಲು ಅಂತ ಸಾಧಿಸೋಕೆ.

*ಗ್ರೇಸ್:* ಅದೂ ಹೀಬ್ರೂ ಮೂಲ ಹಿಡಿದ್ರೆ ಮಾತ್ರ ಸರ್. ಹಳೇ ಗ್ರೀಕ್ ಅನುವಾದ ಸೆಪ್ಟುಅಜಿಂಟ್‌ನಲ್ಲಿ, ಎರಡನೇ ದಿನದ ಆದಿಕಾಂಡ 1:8ರಲ್ಲೂ "ಒಳ್ಳೆಯದು" ಅನ್ನೋ ಮಾತಿದೆ. ಮೊದಲ ಅಧ್ಯಾಯದಲ್ಲಿ ಹೀಬ್ರೂ 7 ಸಲ, ಗ್ರೀಕ್ 8 ಸಲ. ಗ್ರೀಕ್ ಓದುತ್ತಿದ್ದವರಿಗೆ ಈ ಪ್ರಶ್ನೆಯೇ ಏಳಲ್ಲ.

*ಸುಧೀರ್:* ಸರಿ, ಹೀಬ್ರೂನಲ್ಲಿ ಬಿಟ್ಟಿದ್ದಕ್ಕೆ ಕಾರಣ ಬೇಕಲ್ಲ?

*ಫಿಲಿಪ್ ಸರ್:* ನೀರಿನ ಕೆಲಸ ಎರಡನೇ ದಿನ ಶುರುವಾಗಿ ಮೂರನೇ ದಿನ ಮುಗಿಯುತ್ತೆ. ಅವತ್ತು 10, 12ನೇ ವಚನಗಳಲ್ಲಿ ಎರಡು ಸಲ "ಒಳ್ಳೆಯದು". ರಬ್ಬಿಗಳ, ಅಂದ್ರೆ ಯಹೂದಿ ಗುರುಗಳ, ಈ ವಿವರಣೆ ನನಗೆ ಸಾಕು.

*ಸುಧೀರ್:* ಕೊನೇ ಸಾಲು? "6 ದಿನ = 6000 ವರ್ಷ, ಸೃಷ್ಟಿ ಕ್ರಿ.ಪೂ. 4004"?

*ಗ್ರೇಸ್:* ಎರಡು ಕಾಲದ ಲೆಕ್ಕ ಬೆರೆಸಿದ್ದಾರೆ. ಒಂದು ದಿನಕ್ಕೆ ಸಾವಿರ ವರ್ಷ ಅನ್ನೋ 6000 ಹಳೇದೇ, ಆದಿ ಕ್ರೈಸ್ತರ ಬರಹವಾದ ಬಾರ್ನಬನ ಪತ್ರಿಕೆಯ 15ನೇ ಅಧ್ಯಾಯದಲ್ಲಿದೆ, ಸಭಾಪಿತೃ ಐರಿನಿಯಸ್ ಬರಹದಲ್ಲೂ ಇದೆ. 4004 ಮಾತ್ರ 1650ರಲ್ಲಿ ಐರ್ಲೆಂಡಿನ ಆರ್ಚ್‌ಬಿಷಪ್ ಅಷರ್ ಹಾಕಿದ್ದು. ಸಭಾಪಿತೃ ಹಿಪ್ಪೊಲಿಟಸ್ ಪ್ರಕಾರ ಸೃಷ್ಟಿಯಿಂದ ಕ್ರಿಸ್ತನ ಜನನಕ್ಕೆ 5500 ವರ್ಷ. ಅದಕ್ಕೆ ಆಧಾರವಾಗಿ ಒಡಂಬಡಿಕೆಯ ಮಂಜೂಷದ (ದಶಾಜ್ಞೆ ಇಟ್ಟಿದ್ದ ಪೆಟ್ಟಿಗೆ) ಉದ್ದ, ಅಗಲ, ಎತ್ತರ ಕೂಡಿದ್ರು: ಎರಡೂವರೆ, ಒಂದೂವರೆ, ಒಂದೂವರೆ, ಒಟ್ಟು ಐದೂವರೆ ಮೊಳ, ಅಂದ್ರೆ ಐದೂವರೆ ಸಾವಿರ ವರ್ಷ. ಆ ಲೆಕ್ಕದಲ್ಲಿ 6000 ತುಂಬೋದು ಕ್ರಿ.ಶ. 500ರ ಹೊತ್ತಿಗೆ!

*ಸುಧೀರ್:* ಹಾಗಾದ್ರೆ 6ರ ಸಾಲು ತಿದ್ದಿ, 4004 ತೆಗೀತೀನಿ. 2ರ ಸಾಲಿಗೆ ಜೆರೋಮ್ ಹೆಸರು ಹಾಕ್ತೀನಿ.

*ಗ್ರೇಸ್:* ಹೆಸರು ಹಾಕಿದ್ರೂ ಮಕ್ಕಳಿಗೆ ಅದು ಬೇಡ ಅಣ್ಣ. 2 ಕೆಟ್ಟದ್ದು ಅನ್ನೋದೊಂದೇ ತಲೇಲಿ ಕೂರುತ್ತೆ.

*ಫಿಲಿಪ್ ಸರ್:* ಇರಲಿ ಬಿಡು ಗ್ರೇಸ್. ಪಕ್ಕದಲ್ಲೇ 10, 12ನೇ ವಚನ ಬರೀರಿ ಸುಧೀರ್, ಅವರೇ ಎಣಿಸಿ ನೋಡ್ಲಿ.