ಏಳು ಹಲಗೆಯ ಕಲ್ಲಿದ್ದಲು ವ್ಯಾಗನ್ ಕಿಟ್: ಮೂರೇ ಚಕ್ರ ಹಳಿಗೆ ತಾಗುತ್ತಿವೆ, ಗೋಡೆಗಳೂ ಒಳಬಾಗಿವೆ

ಪ್ರಶ್ನೆ:
ನಮಸ್ಕಾರ. ಬ್ರಿಟನ್ನಿನ 1923ರ ಆರ್‌ಸಿಎಚ್ (ರೈಲ್ವೆ ಕ್ಲಿಯರಿಂಗ್ ಹೌಸ್, ರೈಲು ಕಂಪನಿಗಳ ಜಂಟಿ ಸಂಸ್ಥೆ) ಮಾದರಿಯ 12 ಟನ್ ವ್ಯಾಗನ್, ಓಓ ಸ್ಕೇಲ್ (ಅಸಲಿಯ ಒಂದು ಅಡಿಗೆ 4 ಮಿ.ಮೀ.), ಪುಟ್ಟ ಮಾಡೆಲ್ ರೈಲಿನ ಪ್ಲಾಸ್ಟಿಕ್ ಕಿಟ್. ಹಳಿ ಮೇಲಿಟ್ಟರೆ ಒಂದು ಚಕ್ರ ಮೇಲೇ ನಿಲ್ಲುತ್ತದೆ. ಪಾಯಿಂಟ್ಸ್ (ಹಳಿ ಕವಲೊಡೆಯುವ ಜಾಗ) ದಾಟುವಾಗ ಅದೇ ಮೂಲೆ ಹಳಿ ತಪ್ಪುತ್ತದೆ. ಉದ್ದದ ಗೋಡೆಗಳೆರಡೂ ನಡುವಲ್ಲಿ ಒಳಕ್ಕೆ ಬಾಗಿವೆ. ಅಂಟಿಸಿದ ದಿನ ನೆಟ್ಟಗಿದ್ದವು. ಸೀಸದ ಗುಂಡು ತುಂಬಿ ಮೇಲೆ ಪಿವಿಎ (ಮರಕ್ಕೆ ಹಚ್ಚುವ ಬಿಳಿ) ಅಂಟು ಸುರಿಯೋಣ ಅಂತಿದ್ದೇನೆ. ಭಾರಕ್ಕೆ ಚಕ್ರ ತಾನಾಗಿ ಕೂರುತ್ತಾ?

ಉತ್ತರ:
ಕೂರಲ್ಲ ಸರ್. ಸೀಸ, ಪಿವಿಎ ಎರಡನ್ನೂ ಸೇರಿಸಲೇಬೇಡಿ. ಆ ಅಂಟಿನ ಆಮ್ಲದ ಅಂಶಕ್ಕೆ ಸೀಸ ನಿಧಾನವಾಗಿ ಕಾರ್ಬೊನೇಟ್ ಆಗಿ ಉಬ್ಬುತ್ತದೆ. ಕೆಲವು ವರ್ಷ ಕಳೆದ ಮೇಲೆ ಒಳಗಿನಿಂದಲೇ ಬಾಡಿ ಸೀಳಿಬಿಡುತ್ತದೆ.

ನಿಮ್ಮದು ಚಾಸಿ ತಿರುಚಿಕೊಂಡಿರುವ ಕೇಸು. ಕಿಟಕಿ ಗಾಜಿನ ತುಂಡಿನ ಮೇಲಿಟ್ಟು ಯಾವ ಮೂಲೆ ಎದ್ದಿದೆ ಅಂತ ಗುರುತು ಹಾಕಿ. ಆ ಕಡೆಯ ಸೋಲ್‌ಬಾರ್ (ಚಾಸಿಯ ಪಕ್ಕದ ಉದ್ದ ತೊಲೆ) ನೆಲಹಾಸಿಗೆ ಸೇರುವ ಸಂದಿಗೆ ಸಣ್ಣ ಬ್ರಷ್‌ನಲ್ಲಿ ಬ್ಯೂಟನೋನ್ (ಪ್ಲಾಸ್ಟಿಕ್ ಕರಗಿಸಿ ಅಂಟಿಸುವ ದ್ರಾವಕ) ಹರಿಸಿ. ಸಂದಿ ಸಡಿಲಾದಾಗ ನಾಲ್ಕೂ ಚಕ್ರ ಗಾಜಿಗೆ ತಾಗುವಂತೆ ಒತ್ತಿ, ಮೇಲೆ ಭಾರವಿಟ್ಟು ಮರುದಿನದವರೆಗೆ ಮುಟ್ಟಬೇಡಿ. ಬಗ್ಗದಿದ್ದರೆ ಬ್ಲೇಡಿನಲ್ಲಿ ಆ ಸಂದಿ ಬಿಡಿಸಿ ಮತ್ತೆ ಅಂಟಿಸುವುದೊಂದೇ ದಾರಿ. ಆಕ್ಸಲ್ ನಡುವಿನ ಅಂತರ ಎರಡೂ ಬದಿ 36 ಮಿ.ಮೀ. ಇದೆಯಾ ನೋಡಿ (ಅಸಲಿಯಲ್ಲಿ 9 ಅಡಿ). ಒಂದು ಬದಿ ಕಮ್ಮಿಯಾದರೆ ಆಕ್ಸಲ್ ಓರೆಯಾಗುತ್ತದೆ, ಆಗ ಪಾಯಿಂಟ್ಸ್‌ನಲ್ಲಿ ತಪ್ಪೇ ತಪ್ಪುತ್ತದೆ. ಕಿಟಕಿ ತೆರೆದಿಟ್ಟು ಕೆಲಸ ಮಾಡಿ, ಬ್ಯೂಟನೋನ್ ಹಬೆ ಒಳ್ಳೆಯದಲ್ಲ.

ಪ್ರಶ್ನೆ ಕೇಳಿದವರು:
ಒಂದು ಬದಿ 35.4 ಬರ್ತಿದೆ! ಗೋಡೆಗೆ ಏನು ಮಾಡಲಿ?

ಉತ್ತರ:
ಹಾಗಾದರೆ ಆ ಸೋಲ್‌ಬಾರ್ ಬಿಡಿಸಲೇಬೇಕು. ಗೋಡೆ ಬಾಗಿದ್ದು ದ್ರಾವಕದಿಂದ. ಒಳಮೂಲೆಗೆ ಧಾರಾಳವಾಗಿ ಹಚ್ಚಿದರೆ ಅದು ಪೂರ್ತಿ ಆರಲು ವಾರಗಳೇ ಬೇಕು, ಆರುತ್ತಾ ಗೋಡೆಯನ್ನು ಒಳಕ್ಕೆ ಎಳೆಯುತ್ತದೆ. ಅಸಲಿ ವ್ಯಾಗನ್ನಿನ ಹಲಗೆಗಳು ಕಲ್ಲಿದ್ದಲಿನ ಒತ್ತಡಕ್ಕೆ ಹೊರಕ್ಕೆ ಉಬ್ಬುತ್ತಿದ್ದವು, ಹಾಗಾಗಿ ಕೊಂಚ ಹೊರಬಾಗಿದ್ದರೆ ನಾನು ಬಿಟ್ಟುಬಿಡಿ ಅನ್ನುತ್ತಿದ್ದೆ. ಒಳಬಾಗಿದ್ದು ಮಾತ್ರ ಕಣ್ಣಿಗೆ ಚುಚ್ಚುತ್ತದೆ. ಮೂಲೆಯ ಒಳ ಅಗಲ ಅಳೆದು ಅಷ್ಟೇ ಅಗಲದ ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಕಲ್ಲಿದ್ದಲಿನ ಮಟ್ಟಕ್ಕೆ ಸ್ವಲ್ಪ ಕೆಳಗೆ ಬಿಗಿಯಾಗಿ ಕೂರಿಸಿ. ಗೋಡೆ ಹೊರಕ್ಕೆ ತಳ್ಳಿಕೊಂಡು ನೆಟ್ಟಗಾಗುತ್ತದೆ. ಅದರ ಕೆಳಗೆ ಹಬೆ ಸಿಕ್ಕಿಕೊಳ್ಳದ ಹಾಗೆ ನೆಲಹಾಸಿಗೆ ಎರಡು ಮೂರು ತೂತು ಕೊರೆಯಿರಿ. ತೂಕಕ್ಕೆ ಕಬ್ಬಿಣದ ನಟ್‌ಗಳನ್ನು ಎಪಾಕ್ಸಿಯಲ್ಲಿ ಅಂಟಿಸಿ. ಆಕ್ಸಲ್‌ಗೆ 25 ಗ್ರಾಂ ಲೆಕ್ಕ, ಒಟ್ಟು 50 ಗ್ರಾಂ ಸಾಕು.

ಇನ್ನೊಬ್ಬರು:
ಬಣ್ಣ ಹಚ್ಚುವ ಮುಂಚೆ ಒಂದು ಮಾತು. ಪಕ್ಕದ ಬಿಳಿ ಓರೆಗೆರೆ ತುದಿಬಾಗಿಲು ಇರುವ ಕಡೆಗೇ ಮೇಲೇರಬೇಕು. ವ್ಯಾಗನ್ನನ್ನು ಯಾವ ಕಡೆ ಎತ್ತಿ ಸುರಿಯಬೇಕು ಅಂತ ಕೆಲಸಗಾರರಿಗೆ ದೂರದಿಂದಲೇ ತಿಳಿಯಲಿ ಅಂತ ಇದ್ದ ಗುರುತು ಅದು. ಎರಡೂ ಪಕ್ಕ ಕನ್ನಡಿಯ ಬಿಂಬದ ಹಾಗೆ ಬರುತ್ತದೆ, ಡೆಕಲ್ (ಅಚ್ಚಾದ ಗುರುತಿನ ಪದರ) ಅಂಟಿಸುವಾಗ ಅದಲುಬದಲಾಗದಂತೆ ನೋಡಿಕೊಳ್ಳಿ.