ಪಂಚಾಯ್ತಿ ಹಿಸಾಬ ಊರ ಮುಂದ ಓದಸೋದು ಹೆಂಗ?

ಪ್ರಶ್ನೆ: ಸಂಘದ ಪುಸ್ತಕ ಬರಿಯಾಕಿ, ಚಿತ್ತಾಪುರ ತಾಲ್ಲೂಕು

ಎಲ್ಲಾರಿಗೂ ಶರಣು. ನಾ ನಮ್ಮ ಓಣಿ ಸ್ವಸಹಾಯ ಸಂಘದ ಪುಸ್ತಕ ಬರೀತೀನಿ. ಹದಿನಾಲ್ಕು ಮಂದಿ ಹೆಣ್ಮಕ್ಕಳು, ವಾರಕ್ಕ ಐವತ್ತು ರೂಪಾಯಿ ಉಳಿತಾಯ, ಹನ್ನೊಂದು ವರ್ಷ ಆತು. ಸೋಮವಾರ ರಾತ್ರಿ ಹಣಮಪ್ಪನ ಗುಡಿ ಕಟ್ಟಿ ಮ್ಯಾಲ ಕುಂತು ಯಾರು ಎಷ್ಟು ಕಟ್ಟಿದ್ರು, ಯಾರು ಸಾಲ ಒಯ್ದ್ರು, ಬಡ್ಡಿ ಎಷ್ಟು ಬಂತು ಅಂತ ಜೋರಾಗಿ ಓದ್ತೀನಿ. ಅಕ್ಷರ ಬರದ ಮುದುಕ್ಯಾರೇ ನನ್ನ ಪುಸ್ತಕದ ದೊಡ್ಡ ಪರೀಕ್ಷಕರು. ಒಂದು ವಾರ ಒಬ್ಬಾಕಿ ಹೆಸರು ಓದೋದು ಬಿಟ್ಟಿತ್ತು. ನಾ ಪುಟ ತಿರುವೋದ್ರೊಳಗ ನಮ್ಮ ದೊಡ್ಡವ್ವ "ನನ್ನ ಕಂತು ಎಲ್ಲಿ ಹೋತವ್ವಾ" ಅಂದಳು.

ಹೋದ ತಿಂಗಳು ಮಗ ಮೊಬೈಲ್‌ನಾಗ ಇ-ಗ್ರಾಮ್‌ಸ್ವರಾಜ್, ಅಂದ್ರ ಪಂಚಾಯ್ತಿ ಜಮಾ-ಖರ್ಚು ತೋರಸೋ ಸರಕಾರಿ ವೆಬ್‌ಸೈಟ್, ತೆಗೆದು ನಮ್ಮ ಪಂಚಾಯ್ತಿ ತೋರಿಸ್ದ. ಕೇಂದ್ರದಿಂದ ಪಂಚಾಯ್ತಿಗೆ ಬರೋ 15ನೇ ಹಣಕಾಸು ಆಯೋಗದ ದುಡ್ಡಿನ ವೋಚರ್, ಅಂದ್ರ ದುಡ್ಡು ಕೊಟ್ಟ ಚೀಟಿ, ಒಂದರ ಕೆಳಗ ಒಂದು ಬಂದ್ವು. ಅದ್ರಾಗ ನಮ್ಮ ಓಣಿ ಗಟಾರದ್ದೂ ಒಂದಿತ್ತು, ₹1,86,400. ತಾರೀಖು ಅದ, ದುಡ್ಡು ಯಾರಿಗೆ ಹೋತು ಅದ. ಗಟಾರ ಎಲ್ಲಿಂದ ಎಲ್ಲಿ ತನಕ ಅನ್ನೋದು ಮಾತ್ರ ಇಲ್ಲ.

ಮರುದಿನ ನಾ ಮತ್ತ ನಮ್ಮ ನೆಗೆಣ್ಣಿ ಬಟ್ಟಿ ಅಳಿಯೋ ಟೇಪ್ ಹಿಡಕೊಂಡು ಹೋದ್ವಿ. ಟೇಪ್ ಒಂದೂವರೆ ಮೀಟರಿಂದು. ಹಿಟ್ಟಿನ ಗಿರಣಿ ಮುಂದಿನಿಂದ ಬೇವಿನ ಗಿಡದ ತನಕ ಇಪ್ಪತ್ತೇಳು ಸಲ ಇಟ್ಟು, ಮ್ಯಾಲ ಒಂದು ಮೊಳ. ಅಂದ್ರ ಸುಮಾರು 41 ಮೀಟರ್. ಬೇವಿನ ಗಿಡದ ಬುಡಕ್ಕ ಸಿಮೆಂಟು ಚಾಕುಲೆ ಕೊಯ್ದಂಗ ನಿಂತದ. ಅಲ್ಲಿಂದ ಮುಂದ ನಮ್ಮ ಮಾವನ ಕಾಲದ ಹಾಸುಗಲ್ಲಿನ ಗಟಾರನೇ ಅದ, ಅದೂ ಹೂತು ಹೋಗ್ಯಾದ. ನೀರು ಅಲ್ಲೇ ಮಡುಗಟ್ಟಿ ಸಾಲಿ ಹುಡುಗ್ರು ಕಲ್ಲಿನ ಮ್ಯಾಲ ಕಾಲಿಟ್ಟು ದಾಟ್ತಾವ.

ನಾ ಯಾರಿಗೂ ಕಳ್ಳ ಅನ್ನಂಗಿಲ್ಲ. 41 ಮೀಟರಿಗೆ ಅಷ್ಟು ರೊಕ್ಕ ಹತ್ತಬಹುದು, ಹತ್ತಲಿಕ್ಕಿಲ್ಲ, ಅದು ತಿಳಿದವರ ಮಾತು. ಪಂಚಾಯ್ತಿಗೆ ಹೋಗಿ ಕೇಳಿದ್ರ "ಎಲ್ಲಾ ಆನ್‌ಲೈನ್ ಅದ, ನೋಡ್ಕೋರಿ" ಅಂದ್ರು. ಆನ್‌ಲೈನ್ ನೋಡಿದ ಮ್ಯಾಲೇ ಬಂದೀನ್ರಿ ಅಂದ್ರ ಮುಂದಿನ ವಾರ ಬಾ ಅಂದ್ರು. ಹಂಗ ಮೂರು ವಾರ ತಿರುಗೀನಿ. ಹೋದ ದಿನ ಕೂಲಿ ಇಲ್ಲ.

ಆ ಗಟಾರದ ಪೂರಾ ಕಾಗದ ನಾ ಹೆಂಗ ನೋಡ್ಲಿ? ಇನ್ನೊಂದು, ನನಗ ಇದೇ ದೊಡ್ಡದು: ನಮ್ಮ ಸಂಘದ ಪುಸ್ತಕ ಓದಿದಂಗ ಪಂಚಾಯ್ತಿ ಹಿಸಾಬ ಊರ ಮುಂದ ಜೋರಾಗಿ ಓದಸ್ಲಾಕ ಕಾಯ್ದೆದಾಗ ಏನರ ದಾರಿ ಅದ ಏನ್ರಿ?

ಉತ್ತರ: ನಿವೃತ್ತ ಲೆಕ್ಕ ಪರಿಶೋಧಕ, ಕಲಬುರಗಿ

ತಂಗಿ, ಟೇಪ್ ಹಿಡಿದು ಅಳೆದದ್ದು ಬಹಳ ಒಳ್ಳೆಯ ಕೆಲಸ. ವೋಚರ್ ಇದ್ದರೆ ದುಡ್ಡು ಹೋಯಿತು ಅಂತ ಮಾತ್ರ ಗೊತ್ತಾಗುತ್ತದೆ. ಕೆಲಸ ಎಷ್ಟಾಯಿತು ಅಂತ ನೋಡಬೇಕಾದರೆ ಅಳತೆ ಪುಸ್ತಕ ಬೇಕು, ಆಫೀಸಿನವರು ಎಂ.ಬಿ. ಅಂತಾರೆ. ಇಂಜಿನಿಯರ್ ಉದ್ದ, ಅಗಲ, ಆಳ ಬರೆದು ಸಹಿ ಹಾಕುವುದು ಅದರಲ್ಲೇ, ಬಿಲ್ಲು ಏಳುವುದೂ ಅದರ ಮೇಲೇ. ಅಂದಾಜು ಪತ್ರಿಕೆ, ಕಾಮಗಾರಿ ಆದೇಶ, ಅಳತೆ ಪುಸ್ತಕದ ಪುಟ, ಬಿಲ್ಲು, ಇವು ನಾಲ್ಕನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿ. ಒಂದೇ ಬಿಲ್ಲಿನಲ್ಲಿ ಪಕ್ಕದ ಸಂದಿಯದೂ ಸೇರಿರಬಹುದು. ಅಂಥದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಪುಸ್ತಕದಲ್ಲಿರುವ ಉದ್ದ ನೆಲದ ಮೇಲೆ ಸಿಗದೇ ಇದ್ದದ್ದನ್ನೂ ನೋಡಿದ್ದೇನೆ.

ಮಾಹಿತಿ ಹಕ್ಕು ಕಾಯ್ದೆ 2005ರ ಅಡಿ ಅರ್ಜಿ ಹಾಕಿ. ಶುಲ್ಕ ₹10, ಪೋಸ್ಟಲ್ ಆರ್ಡರ್ ಸಾಕು. ಬಿಪಿಎಲ್ ಆಗಿದ್ದರೆ ಕಾರ್ಡಿನ ನಕಲು ಲಗತ್ತಿಸಿ, ಆ ಶುಲ್ಕವೂ ಬೇಡ. ನಮ್ಮ ರಾಜ್ಯದ ನಿಯಮ ನೆನಪಿಡಿ: ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಗಟಾರದ ಜೊತೆ ಬೀದಿದೀಪ, ಬೋರ್‌ವೆಲ್ ಮೋಟಾರ್ ಎಲ್ಲ ತುರುಕಿದರೆ ವಾಪಸ್ ಬರುತ್ತದೆ. "ಯಾಕೆ ಹೀಗೆ ಮಾಡಿದಿರಿ" ಅಂತ ಬರೆಯಬೇಡಿ, ಕಾಗದ ಕೇಳಿ. ಕೊನೆಗೆ ಒಂದು ಸಾಲು ಸೇರಿಸಿ: ಕಲಂ 2(ಜೆ) ಪ್ರಕಾರ ದಾಖಲೆಗಳನ್ನೂ ಕಾಮಗಾರಿಯನ್ನೂ ಖುದ್ದಾಗಿ ಪರಿಶೀಲಿಸಲು ಅವಕಾಶ ಕೊಡಬೇಕು. ಕಾಮಗಾರಿ ನೋಡುವ ಹಕ್ಕು ಕಾಯ್ದೆಯಲ್ಲೇ ಇದೆ ಅನ್ನುವುದು ಬಹಳ ಮಂದಿಗೆ ಗೊತ್ತಿಲ್ಲ.

30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ತಾಲ್ಲೂಕು ಪಂಚಾಯ್ತಿ ಕಾರ್ಯನಿರ್ವಾಹಕ ಅಧಿಕಾರಿ (ಇಒ) ಹತ್ತಿರ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದ ಒಳಗೆ ಮಾಹಿತಿ ಆಯೋಗಕ್ಕೆ. ಆಯೋಗದ ಪೀಠ ಕಲಬುರಗಿಯಲ್ಲೇ ಇದೆ, ಬೆಂಗಳೂರಿನ ದಾರಿ ಹಿಡಿಯಬೇಕಿಲ್ಲ. ಗಡುವು ಮೀರಿದ ಮೇಲೆ ಕೊಡುವ ನಕಲಿಗೆ ಪುಟದ ದುಡ್ಡು ಕೇಳುವಂತಿಲ್ಲ.

ಉತ್ತರ: ಶಹಾಪುರದಿಂದ

ಅಕ್ಕಾ, ಅರ್ಜಿ ಕೈಯಾಗ ಕೊಟ್ರ ಸ್ವೀಕೃತಿ ಬರೆಸ್ಕೋರಿ, ಇಲ್ಲಂದ್ರ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಫೋಟೋ ಹೊಡ್ಕೋರಿ. ನನಗ ಒಮ್ಮೆ "ನಿಮ್ಮ ಅರ್ಜಿನೇ ಬಂದಿಲ್ಲ" ಅಂದಿದ್ರು. ನನ್ನ ಕೇಳಿದ್ರ ಊರ ಮುಂದ ಓದಸೋದ್ರಿಂದ ಏನೂ ಆಗಲ್ಲ, ಜಗಳ ಆಗ್ತದ. ಕಾಗದ ಕೈಗೆ ಬಂದ ಕೂಡ್ಲೇ ಲೋಕಾಯುಕ್ತಕ್ಕ ಕೊಡ್ರಿ.

ಉತ್ತರ: ಒಂದು ಅವಧಿ ಗ್ರಾ.ಪಂ. ಸದಸ್ಯೆ ಆಗಿದ್ದಾಕಿ, ಭಾಲ್ಕಿ

ಶಹಾಪುರದ ತಮ್ಮಾ, ನಾ ಒಪ್ಪಂಗಿಲ್ಲ. ಊರ ಮುಂದ ಓದಿದ್ರೇ ಅರ್ಧ ತಕರಾರು ಅಲ್ಲೇ ಬಗಿಹರಿತಾವ, ಉಳಿದ ಅರ್ಧಕ್ಕ ಸಾಕ್ಷಿ ಸಿಗ್ತಾರ.

ಅಕ್ಕಾ, ನೀವು ಕೇಳಿದ್ದಕ್ಕ ಹೆಸರು ಜಮಾಬಂದಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗ ಪಂಚಾಯ್ತಿದಾಗ ಆಗ್ಬೇಕು. ಹೊರಗಿನ ಅಧಿಕಾರಿ ಬರ್ತಾರ. ಹಿಂದಿನ ಸಾಲಿನ ಜಮಾ-ಖರ್ಚು ಮಂದಿ ಮುಂದ ಇಡಬೇಕು, ಆಮ್ಯಾಲ ಕಾಮಗಾರಿ ನೋಡ್ಲಾಕ ಊರಾಗ ನಡೀಬೇಕು. ಅಂದ್ರ ನಿಮ್ಮ ಬೇವಿನ ಗಿಡದ ತನಕ ಅವರು ಬರಬೇಕಾದದ್ದೇ.

ನಮ್ಮಲ್ಲಿ ಮೊದಲನೇ ವರ್ಷ ಬಂದವರು ಬೆರಳೆಣಿಕಿ ಮಂದಿ. ಡಂಗುರ ಸಾರಿದ್ದು ಅದೇ ಮುಂಜಾನಿ, ಸಭಾ ಹನ್ನೊಂದಕ್ಕ, ಹೆಸರು-ಉದ್ದು ರಾಶಿ ಟೈಮು, ಊರೆಲ್ಲಾ ಹೊಲದಾಗ. ನಾ ಸದಸ್ಯೆ ಆಗಿ ಆ ಖಾಲಿ ಕುರ್ಚಿ ನೋಡಿ ಅತ್ತೀನಿ. ಮುಂದಿನ ವರ್ಷ ಎಂಟು ದಿನ ಮೊದಲೇ ಸಂಘದ ಹೆಣ್ಮಕ್ಕಳಿಗೆ ಹೇಳಿ, ಸಭಾ ಮುಂಜಾನಿ ಎಂಟಕ್ಕ ಇಡಸ್ದೆ. ಶಾಲಿ ವರಾಂಡದಾಗ ಕೂಡ್ಲಾಕ ಜಾಗ ಇರಲಿಲ್ಲ.

ಇನ್ನೊಂದು ಮಾತು, ಪಂಚಾಯ್ತಿ ಕಡಿಂದೂ ಕೇಳ್ರಿ. 15ನೇ ಹಣಕಾಸಿನ ದುಡ್ಡಿನಾಗ (2021ರಿಂದ 2026ರ ತನಕದ್ದು) ನೂರಕ್ಕ 60 ನಿರ್ಬಂಧಿತ ಇತ್ತು, ಅಂದ್ರ ಹೇಳಿದ್ದಕ್ಕೇ ಖರ್ಚು ಮಾಡಬೇಕಿತ್ತು: 30 ಕುಡಿಯೋ ನೀರಿಗೆ, 30 ನೈರ್ಮಲ್ಯಕ್ಕ. ಉಳಿದ 40 ಊರಿಗೆ ಬೇಕಾದ್ದಕ್ಕ, ಅದ್ರಾಗೂ ಸಂಬಳ ಕೊಡಂಗಿರಲಿಲ್ಲ. ಮಂದಿ ಸಿಸಿ ರಸ್ತಾ ಕೇಳ್ತಾರ, ನಾವು ಇಲ್ಲ ಅಂದ್ರ ತಿಂದಾರ ಅಂತಾರ. ಈ ಲೆಕ್ಕ ಯಾರೂ ಅವರಿಗೆ ಓದಿ ಹೇಳಿರಂಗಿಲ್ಲ. ನಿಮ್ಮ ಮನಿ ಕರದ ರಸೀದಿ ತೆಗೆದು ನೋಡ್ರಿ, ಆರೋಗ್ಯ, ಶಿಕ್ಷಣ, ಗ್ರಂಥಾಲಯ, ಭಿಕ್ಷುಕರ ಉಪಕರ ಅಂತ ಬರೆದಿರ್ತದ. ಅದೂ ನಿಮ್ಮ ದುಡ್ಡೇ, ಅದರ ಹಿಸಾಬನೂ ಕೇಳ್ರಿ.

ಪ್ರಶ್ನೆ ಹಾಕಿದಾಕಿ, ಮತ್ತ

ಅರ್ಜಿ ಹಾಕಿದ 26ನೇ ದಿನಕ್ಕ ಕರೆದ್ರು. ನಾ, ನೆಗೆಣ್ಣಿ, ದೊಡ್ಡವ್ವ ಮೂವರೂ ಹೋದ್ವಿ. ಪುಸ್ತಕ ಮುಂದಿಟ್ರು.

ಲೆಕ್ಕ ಪರಿಶೋಧಕ ಅಣ್ಣಾರು ಹೇಳಿದ್ದು ಖರೇ ಆತು. ಎಂ.ಬಿ. ದಾಗ ನಮ್ಮ ಓಣಿ 41 ಮೀಟರ್, ಗಿರಣಿ ಹಿಂದಿನ ಸಂದಿ 19 ಮೀಟರ್ ಅಂತ ಬೇರೆ ಬೇರೆ ಬರೆದಿತ್ತು. ಸಂದಿಗೆ ಹೋಗಿ ನೋಡಿದ್ರ ಗಟಾರ ಅದ, ಜಾಲಿ ಬೆಳೆದು ಮುಚ್ಚಿತ್ತು. ಕುಡಗೋಲು ತಂದು ಸವರಿ ಅಳದ್ವಿ, ಸರಿ ಬಂತು. ಉದ್ದದ ಸಲುವಾಗಿ ನಾ ಪಟ್ಟ ಅನುಮಾನ ಹೋತು, ಆ ಇಂಜಿನಿಯರ್ ಮುಂದೇ ಹಂಗಂತ ಹೇಳಿದೆ.

ಆದ್ರ ಅದೇ ಪುಟದ ಕೆಳಗ ಇನ್ನೊಂದು ಸಾಲು ಇತ್ತು: ಗಟಾರ ಮ್ಯಾಲ ಮುಚ್ಚೋ ಹಾಸುಬಂಡಿ (ಚಪ್ಪಡಿ), 22. ಅದಕ್ಕೂ ಬಿಲ್ಲು ಆಗ್ಯಾದ. ಎರಡೂ ಕಡಿ ತಿರುಗಿ ಎಣಿಸಿದ್ವಿ, 9 ಅವ. ಎಲ್ಲಾ ಬಾಗಿಲ ಮುಂದಿನವು. ಹುಡುಗ್ರು ಕಲ್ಲು ಇಟ್ಟು ದಾಟೋ ಜಾಗದಾಗ ಒಂದೂ ಇಲ್ಲ. ಕೇಳಿದ್ರ "ಮಂದಿ ಎತ್ಕೊಂಡು ಹೋಗ್ಯಾರ" ಅಂದ್ರು.

ಸೋಮವಾರ ಸಂಘದ ಪುಸ್ತಕ ಓದಿ ಮುಗಿಸಿದ ಮ್ಯಾಲ ನೋಟಬುಕ್ಕಿನಾಗ ಬರ್ಕೊಂಡ ಗಟಾರದ ಹಿಸಾಬನೂ ಓದಿದೆ. ಕಟ್ಟಿ ಕೆಳಗ ಗಂಡಸ್ರೂ ಬಂದು ನಿಂತ್ರು. 22 ಅಂದೆ, 9 ಅಂದೆ. "ನಮ್ಮ ಮನಿ ಮುಂದ ಒಂದೂ ಹಾಕೇ ಇಲ್ಲಲ್ಲಾ, ಎತ್ಕೊಂಡು ಹೋಗೋದು ಎಲ್ಲಿಂದ ಬಂತು" ಅಂತ ಮೂರು ಮನಿಯವರು ಅಂದ್ರು. ದೊಡ್ಡವ್ವ ಎದ್ದು ನಿಂತು "ಹದಿಮೂರು ಬಂಡಿ ಎಲ್ಲಿ ಅವ ಕೇಳು" ಅಂದಳು. ಆಕಿ ಬೆರಳು ಮಡಚಿ ಕಳೆದಿದ್ದಳು.

ಜಮಾಬಂದಿ ಬರ್ಲಾಕತ್ತದ. ಭಾಲ್ಕಿ ಅಕ್ಕಾ, ಈ ಪ್ರಶ್ನೆ ಬಾಯಿಲೆ ಕೇಳಿದ್ರ ಸಾಕೋ, ಬರೆದು ಕೊಡಬೇಕೋ?

ಉತ್ತರ: ಭಾಲ್ಕಿ

ಬರೆದೇ ಕೊಡ್ರಿ. ಎರಡು ಪ್ರತಿ ಮಾಡಿ ಒಂದರ ಮ್ಯಾಲ ಸೀಲು ಹಾಕಸ್ಕೋರಿ. ಬಂಡಿ ಹಾಕೇ ಇಲ್ಲ ಅಂದ ಆ ಮೂರು ಮನಿಯವರ ಸಹಿನೂ ತಗೋರಿ. ಸಭಾದಾಗ ಆದದ್ದು ಬರಿಯೋ ನಡಾವಳಿ ಪುಸ್ತಕದಾಗ ನಿಮ್ಮ ಪ್ರಶ್ನೆ ಬರೆದು ಓದಿ ಹೇಳೋ ತನಕ ಸಹಿ ಮಾಡಿ ಎದ್ದು ಬರಬ್ಯಾಡ್ರಿ. ದೊಡ್ಡವ್ವನಿಗೆ ಮುಂದಿನ ಸಾಲಿನಾಗ ಕೂಡಸ್ರಿ.